ನೆಣದ ಗಂಟು

‘ಏನೋ, ಕೊಬ್ಬು ಜಾಸ್ತಿಯಾಯಿತೇನು?’ ಚಿಕ್ಕವರಿದ್ದಾಗ ಈ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಕನ್ನಡದಲ್ಲಿ ಕೊಬ್ಬು ಎಂದರೆ ಸೊಕ್ಕು. ಕೊಬ್ಬಿದವನು ಎಂದರೆ ಹದ್ದು ಮೀರಿದವನು. ಇದೇ ಕೊಬ್ಬಿಗೆ ನಮ್ಮ ಭಾಷೆಯಲ್ಲಿ ಇನ್ನೊಂದು ಹಳೆಯ ಹೆಸರಿದೆ, ನೆಣ ಅಂತ. ಪಾಪ, ಆ ಶಬ್ದಕ್ಕೆ ಬೈಗುಳದ ವಾಸನೆ ಅಷ್ಟಾಗಿ ಹತ್ತಿಲ್ಲ. ಆದ್ದರಿಂದ ಇವತ್ತಿನ ಮಾತಿಗೆ ನಾನು ಅದನ್ನೇ ಬಳಸುತ್ತೇನೆ. ಮಾತು ಯಾವುದರ ಬಗ್ಗೆ ಎಂದರೆ, ತಿಮಿಂಗಿಲ, ಡಾಲ್ಫಿನ್, ಸೀಲ್ ಮುಂತಾದ, ಸಮುದ್ರದಲ್ಲಿದ್ದೂ ಮರಿಗೆ ಹಾಲೂಡಿಸುವ ಪ್ರಾಣಿಗಳ ತೊಗಲಿನ ಕೆಳಗೆ ಇರುವ ದಪ್ಪನೆಯ ನೆಣದ ಪದರದ ಬಗ್ಗೆ. ಇಂಗ್ಲಿಷಿನಲ್ಲಿ ಅದನ್ನು ಬ್ಲಬರ್ ಅನ್ನುತ್ತಾರೆ.

ನಾನು ಮುಂಬಯಿಯ ಒಂದು ಉಪನಗರದ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಕಲಿಸಿದವನು. ಬ್ಲಬರ್ ಎಂದರೇನು ಎಂಬುದು ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ‘ಚರ್ಮದ ಅಡಿಯ ಕೊಬ್ಬಿನ ಪದರ, ಚಳಿಯಿಂದ ಕಾಪಾಡುತ್ತದೆ’ ಎಂದು ಬರೆದರೆ ಎರಡಕ್ಕೆ ಎರಡು ಕೊಟ್ಟು ಮುಂದಿನ ಪುಟ ತಿರುಗಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಪ್ರಾಣಿ ಹುಟ್ಟುವಾಗಲೇ ಒಂದು ಕಂಬಳಿ ಹೊದ್ದುಕೊಂಡು ಬರುತ್ತದೆ, ಸಾಯುವ ತನಕ ಅದನ್ನೇ ಹೊದ್ದಿರುತ್ತದೆ ಎಂದುಕೊಂಡಿದ್ದೆ. ಅದು ತಪ್ಪು ಎಂದು ತಿಳಿದದ್ದು ನಿವೃತ್ತಿಯ ನಂತರ. ಅದಕ್ಕೆ ಕಾರಣ ನನ್ನ ಮಗಳ ಬಾಣಂತನ.

2009ರ ಜನವರಿ. ಮಗಳು ಅಳಿಯ ಇರುವುದು ಅಮೆರಿಕೆಯ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಚೊಚ್ಚಲ ಹೆರಿಗೆ. ನಮ್ಮ ಮನೆಯವರು ಧಾರವಾಡದ ಕಡೆಯವರು. ಅಂಟು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ ಎಲ್ಲ ಹುಡುಕಿ ತಂದು, ಒಂದು ಡಬ್ಬಿ ತುಂಬ ಅಂಟಿನುಂಡೆ ಕಟ್ಟಿಕೊಂಡೇ ವಿಮಾನ ಹತ್ತಿದ್ದರು. ಆದರೆ ನಮ್ಮ ಪೆಟ್ಟಿಗೆಗಳನ್ನು ಬಿಚ್ಚುವ ಮೊದಲೇ, ಐದು ವಾರ ಮುಂಚಿತವಾಗಿ ಮೊಮ್ಮಗ ಹುಟ್ಟಿಬಿಟ್ಟ. ತೂಕ ಒಂದು ಕಿಲೋ ಒಂಬೈನೂರು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಮುದುಕರ ಕೈಯಂಥ ಸುಕ್ಕು ಸುಕ್ಕು ತೊಗಲು, ಕೆನ್ನೆಯಲ್ಲಿ ಏನೂ ಇಲ್ಲ. ಅಲ್ಲಿಯ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದರು. ಉಸಿರಾಟ ಚೆನ್ನಾಗಿದೆ, ಭಯವಿಲ್ಲ. ಆದರೆ ಮಗು ಮೈಗೆ ಕೊಬ್ಬು ಹಾಕಿಕೊಳ್ಳುವುದು ತಾಯಿಯ ಹೊಟ್ಟೆಯಲ್ಲಿ ಕಡೆಯ ವಾರಗಳಲ್ಲಿ. ಇವನು ಆ ಕೆಲಸ ಮುಗಿಸದೆಯೇ ಹೊರಟು ಬಂದಿದ್ದಾನೆ. ಮೈಯ ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳುವಷ್ಟಾಗುವ ತನಕ ಈ ಪೆಟ್ಟಿಗೆ ಬೇಕು.

ಆಸ್ಪತ್ರೆಯಲ್ಲಿ ತಂದೆ ತಾಯಿಗೆ, ಅಜ್ಜಿಗೆ ಕೆಲಸವಿರುತ್ತದೆ. ಅಜ್ಜನಿಗೆ ಏನೂ ಇರುವುದಿಲ್ಲ. ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ತಿರುಗುತ್ತ ಮೂರು ದಿನ ಕಳೆದೆ. ಅಳಿಯ ನೋಡಿ ನೋಡಿ, ‘ಮಾವ, ನಿಮಗಾಗಿ ಎರಡು ತಿಂಗಳ ಹಿಂದೆಯೇ ಒಂದು ಟಿಕೆಟ್ ತೆಗೆಸಿದ್ದೆ. ನೀವು ಹೋಗಿಬನ್ನಿ, ಇಲ್ಲಿ ನಾವಿದ್ದೇವೆ’ ಎಂದು ತನ್ನ ಮೈಸೂರಿನ ಗೆಳೆಯನೊಬ್ಬನ ಜೊತೆ ಕಳಿಸಿಕೊಟ್ಟ. ಮನಸ್ಸಿಲ್ಲದ ಮನಸ್ಸಿನಿಂದ ಹೋದೆ.

ಹೋದ ಜಾಗದ ಹೆಸರು ಆನ್ಯೊ ನ್ವೇವೊ. ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ, ಕಡಲ ದಂಡೆಯಲ್ಲಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಹೊಸ ವರ್ಷ ಎಂದು ಅರ್ಥ. 1603ರ ಜನವರಿ 3ರಂದು ವಿಸ್ಕಾಯಿನೊ ಎಂಬ ಸ್ಪೇನಿನ ನಾವಿಕನ ಹಡಗು ಈ ಭೂಶಿರದ ಮುಂದೆ ಹಾದುಹೋಯಿತು, ಅದಕ್ಕೇ ಆ ಹೆಸರು. ಚಳಿಗಾಲದಲ್ಲಿ ಅಲ್ಲಿಗೆ ಆನೆ ಸೀಲ್‌ಗಳು ಬರುತ್ತವೆ. ಮಾರ್ಗದರ್ಶಕರ ಜೊತೆಯಲ್ಲೇ ಹೋಗಬೇಕು, ಇಪ್ಪತ್ತೈದು ಅಡಿ ದೂರ ನಿಲ್ಲಬೇಕು, ಗಲಾಟೆ ಮಾಡಬಾರದು. ಗಂಡಿನ ಮೂಗು ಮೊಂಡು ಸೊಂಡಿಲಿನಂತೆ ಜೋಲುವುದರಿಂದ ಆನೆ ಎಂಬ ಹೆಸರು. ತೂಕವೂ ಹೆಸರಿಗೆ ತಕ್ಕ ಹಾಗೆಯೇ. ದೊಡ್ಡ ಗಂಡು ಎರಡು ಟನ್ ದಾಟುತ್ತದೆ. ಹೆಣ್ಣು ಅದರ ಕಾಲು ಭಾಗ, ಸುಮಾರು ಐದು ಕ್ವಿಂಟಲ್.

ಈ ನೆಣವೇ ಒಂದು ಕಾಲಕ್ಕೆ ಇವುಗಳ ಪ್ರಾಣಕ್ಕೆ ಮುಳುವಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ದೀಪದ ಎಣ್ಣೆಗಾಗಿ, ಯಂತ್ರಗಳ ಎಣ್ಣೆಗಾಗಿ ಇವುಗಳನ್ನು ಕೊಂದು ನೆಣ ಕಾಯಿಸಿದರು. ಕೊನೆಗೆ ಒಂದೂ ಉಳಿದಿಲ್ಲ ಎಂದುಕೊಂಡಿದ್ದಾಗ, 1892ರಲ್ಲಿ ಮೆಕ್ಸಿಕೋದ ಗ್ವಾಡಲೂಪೆ ದ್ವೀಪದಲ್ಲಿ ಎಂಟು ಕಾಣಿಸಿದವು. ಕಂಡವರು ಯಾರು? ವಿಜ್ಞಾನಿಗಳು. ಎಂಟರಲ್ಲಿ ಏಳನ್ನು ಮ್ಯೂಸಿಯಮ್ಮಿಗೆಂದು ಕೊಂದರು! ಇಂಥ ಬುದ್ಧಿವಂತಿಕೆಗೆ ಏನು ಹೇಳೋಣ. ಪುಣ್ಯಕ್ಕೆ ಅವರ ಕಣ್ಣಿಗೆ ಬೀಳದೆ ಇನ್ನೂ ಕೆಲವು ಬದುಕಿದ್ದವು. 1922ರಲ್ಲಿ ಮೆಕ್ಸಿಕೋ ಸರ್ಕಾರ ರಕ್ಷಣೆ ಕೊಟ್ಟಿತು. ಇವತ್ತು ಎರಡು ಲಕ್ಷಕ್ಕೂ ಹೆಚ್ಚಿವೆ. ಎಲ್ಲವೂ ಆ ಬೆರಳೆಣಿಕೆಯ ಪ್ರಾಣಿಗಳ ಸಂತಾನ. ಆನ್ಯೊ ನ್ವೇವೊದ ದಂಡೆಯಲ್ಲಿ ಮೊದಲ ಮರಿ ಹುಟ್ಟಿದ್ದು 1975ರಲ್ಲಿ.

ನಾವು ಹೋದಾಗ ಮರಳಿನ ಮೇಲೆ ಹಿಂದಿನ ದಿನವೋ ಮೊನ್ನೆಯೋ ಹುಟ್ಟಿದ ಒಂದು ಮರಿ ಇತ್ತು. ಕಪ್ಪು ಕೂದಲು, ಅಣ್ಣನ ಅಂಗಿಯನ್ನು ತಮ್ಮನಿಗೆ ತೊಡಿಸಿದ ಹಾಗೆ ಸಡಿಲವಾಗಿ ಮಡಿಕೆ ಬಿದ್ದ ತೊಗಲು. ಅಲ್ಲಿಯ ಸ್ವಯಂಸೇವಕಿಯೊಬ್ಬರು ವಿವರಿಸುತ್ತಿದ್ದರು. ಹುಟ್ಟುವಾಗ ಮರಿಯ ತೂಕ ಸುಮಾರು 35 ಕಿಲೋ. ಅದರಲ್ಲಿ ಕೊಬ್ಬು ಎಷ್ಟು? ಶೇಕಡಾ ನಾಲ್ಕರಷ್ಟು ಮಾತ್ರ! ನಾನು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡೆ. ದಿನ ತುಂಬಿ ಹುಟ್ಟಿದ ಮನುಷ್ಯರ ಮಗುವಿನಲ್ಲಿ ಶೇಕಡಾ ಹನ್ನೆರಡರಿಂದ ಹದಿನೈದರಷ್ಟು ಕೊಬ್ಬಿರುತ್ತದೆ. ನೆಲದ ಮೇಲಿನ ಪ್ರಾಣಿಗಳಲ್ಲಿ ಇಷ್ಟು ದುಂಡಗೆ ಹುಟ್ಟುವವರು ತೀರ ಕಡಿಮೆ. ಅಂದರೆ, ಶಾಂತಸಾಗರದ ಕೊರೆಯುವ ನೀರಿನಲ್ಲಿ ಬದುಕಬೇಕಾದ ಮರಿ ಹುಟ್ಟುವಾಗ ಕಂಬಳಿಯೇ ಇಲ್ಲದೆ ಬರುತ್ತದೆ. ಅದಕ್ಕೇ ಅದು ನೀರಿಗಿಳಿಯುವ ಹಾಗಿಲ್ಲ. ನನ್ನ ಕಣ್ಣ ಮುಂದೆ ಗಾಜಿನ ಪೆಟ್ಟಿಗೆ ಬಂದು ನಿಂತಿತು. ಕಾಲು ಅಲ್ಲೇ ಊರಿದೆ. ಮೈಸೂರಿನ ಹುಡುಗ, ‘ಅಂಕಲ್, ಗುಂಪು ಮುಂದೆ ಹೋಯಿತು’ ಎಂದು ಕರೆಯಬೇಕಾಯಿತು.

ಆ ಕಂಬಳಿಯನ್ನು ತಾಯಿ ನೇಯುತ್ತಾಳೆ, ಹಾಲಿನಿಂದ. ನಮ್ಮ ಆಕಳ ಹಾಲಿನಲ್ಲಿ ಜಿಡ್ಡು ನೂರಕ್ಕೆ ನಾಲ್ಕು, ಎಮ್ಮೆಯ ಹಾಲಿನಲ್ಲಿ ಏಳು. ಆನೆ ಸೀಲಿನ ಹಾಲಿನಲ್ಲಿ ಮೊದಲ ದಿನಗಳಲ್ಲಿ ಸುಮಾರು ಹದಿನೈದು. ದಿನ ಹೋದಂತೆ ಅದು ಏರುತ್ತ ಏರುತ್ತ ಐವತ್ತನ್ನು ದಾಟುತ್ತದೆ. ಅದು ಹಾಲೋ ಬೆಣ್ಣೆಯೋ ನೀವೇ ಹೇಳಿ. ಜಿಡ್ಡು ಏರಿದಂತೆ ಹಾಲಿನಲ್ಲಿ ನೀರು ಇಳಿಯುತ್ತದೆ. ಇದರಲ್ಲಿ ಒಂದು ಲೆಕ್ಕಾಚಾರವಿದೆ. ಯಾಕೆಂದರೆ ಈ ತಾಯಿ ದಂಡೆಗೆ ಬಂದ ಮೇಲೆ ಒಂದು ತುತ್ತು ತಿನ್ನುವುದಿಲ್ಲ, ಒಂದು ಗುಟುಕು ನೀರು ಕುಡಿಯುವುದಿಲ್ಲ. ಹೆರಿಗೆಗೆ ಮೊದಲು ಐದಾರು ದಿನ, ಹೆರಿಗೆಯಾದ ಮೇಲೆ ಸುಮಾರು ಇಪ್ಪತ್ತೇಳು ದಿನ, ಹೀಗೆ ಒಟ್ಟು ಒಂದು ತಿಂಗಳು ದಾಟಿದ ನಿರ್ಜಲ ಏಕಾದಶಿ. ಮರಿಗೆ ಕೊಡುವುದೆಲ್ಲ ತನ್ನ ಮೈಯ ನೆಣದಿಂದ. ನೀರನ್ನಾದರೂ ಉಳಿಸಿಕೊಳ್ಳಬೇಡವೇ? ತಿಂಗಳು ಮುಗಿಯುವಾಗ ಅವಳ ತೂಕದಲ್ಲಿ ನೂರಕ್ಕೆ ನಲವತ್ತರಷ್ಟು ಹೋಗಿರುತ್ತದೆ. ಅತ್ತ 35 ಕಿಲೋ ಇದ್ದ ಮರಿ 130 ಕಿಲೋ ಆಗಿರುತ್ತದೆ. ಮರಿಯ ಮೈಯಲ್ಲಿ ನೂರಕ್ಕೆ ನಾಲ್ಕಿದ್ದ ಕೊಬ್ಬು ಈಗ ನಲವತ್ತಕ್ಕೂ ಹೆಚ್ಚು. ತಾಯಿಯ ಗಂಟು ಮರಿಯ ಮೈಗೆ ವರ್ಗವಾಯಿತು, ಅಷ್ಟೇ.

ಸಂಜೆ ಆಸ್ಪತ್ರೆಗೆ ಬಂದು ನಮ್ಮ ಮನೆಯವರಿಗೆ ಇದನ್ನೆಲ್ಲ ಹೇಳಿದೆ. ಮೊಬೈಲಿನಲ್ಲಿ ತೆಗೆದಿದ್ದ, ಮರಳಿನಲ್ಲಿ ಸೋತು ಮಲಗಿದ ತಾಯಿಯ ಚಿತ್ರ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ‘ಅಯ್ಯ ಪಾಪ, ಆಕೀಗೆ ಬಾಣಂತನಾ ಮಾಡಾವ್ರು ಯಾರೂ ಇಲ್ಲೇನ್ರಿ?’ ಅಂದರು.

ಇಲ್ಲ. ಇಪ್ಪತ್ತೇಳು ಇಪ್ಪತ್ತೆಂಟನೆಯ ದಿನ ತಾಯಿ ಎದ್ದು ಸಮುದ್ರಕ್ಕೆ ಹೊರಟುಬಿಡುತ್ತಾಳೆ. ಹಿಂತಿರುಗಿ ನೋಡುವುದಿಲ್ಲ. ಅವಳಿಗೂ ಹೊಟ್ಟೆಯಿದೆ. ಮರಿ ಒಂದೆರಡು ದಿನ ಕೂಗುತ್ತದೆ, ಆಮೇಲೆ ತನ್ನಂಥ ಅನಾಥರ ಗುಂಪಿಗೆ ಹೋಗಿ ಸೇರುತ್ತದೆ. ಕಪ್ಪು ಕೂದಲು ಉದುರಿ ಬೆಳ್ಳಿಯ ಬಣ್ಣ ಬರುತ್ತದೆ. ಕೆಲವು ಕಿಲಾಡಿ ಮರಿಗಳು ತಮ್ಮ ತಾಯಿ ಹೋದ ಮೇಲೆ ಇನ್ನೊಬ್ಬಳ ಹಾಲನ್ನೂ ಕದ್ದು ಕುಡಿದು ಎರಡು ಕ್ವಿಂಟಲ್ ದಾಟುತ್ತವೆ. ಚೀಲಕ್ಕೆ ಗಾಳಿ ತುಂಬಿಸಿಟ್ಟ ಹಾಗೆ ಕಾಣುತ್ತವೆ, ತೆವಳುವುದೇ ಕಷ್ಟ. ಅವುಗಳ ಬಗ್ಗೆ ನಮ್ಮ ಅಜ್ಜಿಯ ಬೈಗುಳವನ್ನು ಧಾರಾಳವಾಗಿ ಬಳಸಬಹುದು.

ಇನ್ನು ಮರಿಯ ಉಪವಾಸ ಶುರು. ಎಂಟರಿಂದ ಹತ್ತು ವಾರ ಅದು ಏನೂ ತಿನ್ನದೆ ದಂಡೆಯಲ್ಲೇ ಇರುತ್ತದೆ. ಬೆಳೆಯುವ ವಯಸ್ಸಿನ ಯಾವ ಪ್ರಾಣಿಯನ್ನಾದರೂ ಹೀಗೆ ಎರಡು ತಿಂಗಳು ಉಪವಾಸ ಕೆಡವಿದರೆ ಮಾಂಸಖಂಡ ಕರಗಿ ಸಾಯುತ್ತದೆ. ಇದು ಸಾಯುವುದಿಲ್ಲ. ಇದು ಮಾಂಸವನ್ನು ಆದಷ್ಟು ಮುಟ್ಟದೆ ನೆಣವನ್ನೇ ಉರಿಸಿಕೊಂಡು ಬದುಕುತ್ತದೆ. ಬೇಕಾದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಅಲ್ಲಿಂದಲೇ. ನೀರು? ಅದೂ ಅಲ್ಲಿಂದಲೇ. ಒಂದು ಗ್ರಾಂ ಕೊಬ್ಬು ಮೈಯೊಳಗೆ ಉರಿದರೆ ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚೇ ನೀರು ಹುಟ್ಟುತ್ತದೆ. ಕುಡಿಯಲಾರದ ಉಪ್ಪು ನೀರಿನ ಪಕ್ಕದಲ್ಲಿ ಮಲಗಿ, ತನ್ನ ನೆಣದಿಂದ ಸಿಹಿನೀರು ಮಾಡಿಕೊಳ್ಳುವ ಮರಿ! ಈ ವಾರಗಳಲ್ಲಿ ಅದು ಸುಮ್ಮನೆ ಬಿದ್ದಿರುವುದೂ ಇಲ್ಲ. ಕತ್ತಲಾದ ಮೇಲೆ ಆಳವಿಲ್ಲದ ನೀರಿಗಿಳಿದು ಈಜು ಕಲಿಯುತ್ತದೆ, ಉಸಿರು ಕಟ್ಟುವುದನ್ನು ಕಲಿಯುತ್ತದೆ. ರಕ್ತ ಹೆಚ್ಚುತ್ತದೆ, ಮಾಂಸಖಂಡದಲ್ಲಿ ಪ್ರಾಣವಾಯು ಹಿಡಿದಿಡುವ ಶಕ್ತಿ ಬೆಳೆಯುತ್ತದೆ. ತೂಕದ ಕಾಲು ಭಾಗ ಅಥವಾ ಇನ್ನೂ ಸ್ವಲ್ಪ ಹೆಚ್ಚು ಕರಗಿದ ಮೇಲೆ ಒಂದು ದಿನ ಹೊರಟುಹೋಗುತ್ತದೆ. ದಾರಿ ತೋರಿಸುವವರಿಲ್ಲ. ಕೈಯಲ್ಲಿರುವ ಗಂಟು ಮುಗಿಯುವುದರೊಳಗೆ ಬೇಟೆ ಕಲಿಯಬೇಕು.

ಹಾಗೆ ಹೋದವುಗಳಲ್ಲಿ ಸುಮಾರು ಅರ್ಧದಷ್ಟು ಮೊದಲ ವರ್ಷವನ್ನು ದಾಟುವುದಿಲ್ಲ. ದಕ್ಷಿಣ ಗೋಳದಲ್ಲಿ, ಮ್ಯಾಕ್ವಾರಿ ದ್ವೀಪದಲ್ಲಿ ಇವುಗಳ ದಾಯಾದಿ ಜಾತಿಯೊಂದಿದೆ. ಅಲ್ಲಿ ವರ್ಷಗಟ್ಟಲೆ ಮರಿಗಳನ್ನು ತೂಗಿ, ಗುರುತು ಹಾಕಿ ನೋಡಿದ್ದಾರೆ. ಹಾಲು ಬಿಡುವಾಗ ಭಾರವಾಗಿದ್ದ ಮರಿಗಳೇ ಹೆಚ್ಚಾಗಿ ಬದುಕುತ್ತವೆ. ತಾಯಿಗೆ ಹಿಂದಿನ ವರ್ಷ ಮೀನು ಚೆನ್ನಾಗಿ ಸಿಕ್ಕಿತ್ತೋ ಇಲ್ಲವೋ ಎಂಬುದು ಹೀಗೆ ಮರಿಯ ಹಣೆಬರಹವಾಗುತ್ತದೆ.

ಬದುಕಿ ಉಳಿದವುಗಳ ಮುಂದಿನ ಜೀವನವೆಲ್ಲ ಈ ನೆಣದ ಭರತ ಇಳಿತವೇ. ವರ್ಷಕ್ಕೆ ಎರಡು ಸಲ ದಂಡೆಗೆ ಬರಬೇಕು. ಒಂದು ಸಲ ಹೆರಿಗೆಗೆ, ಇನ್ನೊಂದು ಸಲ ತೊಗಲು ಕಳಚಲು. ಎರಡೂ ಸಲ ಉಪವಾಸ. ತೊಗಲು ಕಳಚುವುದು ಹಾವು ಪೊರೆ ಬಿಟ್ಟ ಹಾಗೆ ಚಿಂದಿ ಚಿಂದಿಯಾಗಿ ನಡೆಯುತ್ತದೆ. ಹೊಸ ತೊಗಲು ಬೆಳೆಯಲು ರಕ್ತ ನೆಣದ ಪದರವನ್ನು ದಾಟಿ ಹೊರಮೈಗೆ ಬರಬೇಕು. ಆಗ ತಣ್ಣೀರಿನಲ್ಲಿದ್ದರೆ ಬಿಸಿಯೆಲ್ಲ ಸೋರಿಹೋಗುತ್ತದೆ. ಅದಕ್ಕೇ ದಂಡೆಗೆ ಬರುವುದು. ಉಳಿದ ಕಾಲವೆಲ್ಲ ಸಮುದ್ರದಲ್ಲಿ. ಅರ್ಧ ಕಿಲೋಮೀಟರಿಗೂ ಆಳಕ್ಕೆ, ಹಗಲೂ ರಾತ್ರಿ ಮುಳುಗಿ ಎದ್ದು ಗಂಟು ಕಟ್ಟುವುದು. ಬಲಿತ ಗಂಡುಗಳ ಕಥೆ ಇನ್ನೊಂದು. ತಮ್ಮ ಗುಂಪಿನ ಹೆಣ್ಣುಗಳನ್ನು ಕಾಯುತ್ತ, ಕಾದಾಡುತ್ತ ಮೂರು ತಿಂಗಳು ಊಟ ಬಿಟ್ಟು ಮೂರನೆಯ ಒಂದು ಭಾಗ ಕರಗಿಹೋಗುತ್ತವೆ. ಆ ಜಗಳದ ಬಗ್ಗೆ ನನಗೆ ಅಂಥ ಆಸಕ್ತಿಯಿಲ್ಲ. ಟಿವಿಯವರು ಅದನ್ನು ಬೇಕಾದಷ್ಟು ತೋರಿಸಿದ್ದಾರೆ.

ನನಗೆ ಬೆರಗಾದದ್ದು ಇನ್ನೊಂದು ಸಂಗತಿ. ಈ ಸೀಲ್‌ಗಳು ಆಗಾಗ ಮುಳುಗುವಾಗ ಈಜುವುದನ್ನು ನಿಲ್ಲಿಸಿ, ಉದುರಿದ ಎಲೆಯ ಹಾಗೆ ಸುಮ್ಮನೆ ತೇಲಿಬಿಡುತ್ತವೆ. ಬೆನ್ನಿಗೆ ಅಂಟಿಸಿದ ಯಂತ್ರಗಳಿಂದ ಇದು ಗೊತ್ತಾಯಿತು. ಕೊಬ್ಬು ನೀರಿಗಿಂತ ಹಗುರ, ಮಾಂಸ ನೀರಿಗಿಂತ ಭಾರ. ಆದ್ದರಿಂದ ಬಡಕಲು ಸೀಲ್ ಬೇಗ ಕೆಳಗಿಳಿಯುತ್ತದೆ. ಮೈ ತುಂಬಿಕೊಂಡಂತೆ ಇಳಿಯುವ ವೇಗ ಕಡಿಮೆಯಾಗುತ್ತದೆ. ಇದನ್ನು ಅಳೆದು, ಸಾವಿರಾರು ಕಿಲೋಮೀಟರ್ ದೂರದ ಸಮುದ್ರದಲ್ಲಿ ಆ ಪ್ರಾಣಿ ಯಾವ ವಾರ ಹೊಟ್ಟೆ ತುಂಬ ಉಂಡಿತು, ಯಾವ ವಾರ ಹಸಿದಿತ್ತು ಎಂದು ಲೆಕ್ಕ ಹಾಕುತ್ತಾರೆ. ಮೈ ನೀರಿನಷ್ಟೇ ತೂಗುವ ಹದಕ್ಕೆ ಬಂದಾಗ ಈಜುವ ಶ್ರಮವೂ ಕಡಿಮೆ. 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಾಗೆ ತೇಲುವಾಗಲೇ ಅವು ಹತ್ತು ಹತ್ತು ನಿಮಿಷ ನಿದ್ದೆ ಮಾಡುತ್ತವಂತೆ. ಸಮುದ್ರದಲ್ಲಿರುವ ಏಳೆಂಟು ತಿಂಗಳು ದಿನಕ್ಕೆ ಒಟ್ಟು ಎರಡೇ ಗಂಟೆ ನಿದ್ದೆ. ಮುಂಬಯಿಯ ಲೋಕಲ್ ರೈಲಿನಲ್ಲಿ ನಿಂತೇ ತೂಕಡಿಸುವ ನಮಗೆ ಇದು ಅರ್ಥವಾದೀತು.

ಎಲ್ಲ ಪ್ರಾಣಿಗಳದೂ ಇದೇ ಪದ್ಧತಿ ಎಂದುಕೊಳ್ಳಬೇಡಿ. ಉತ್ತರ ಅಟ್ಲಾಂಟಿಕ್‌ನಲ್ಲಿ ಹುಡೆಡ್ ಸೀಲ್ ಎಂಬುದೊಂದಿದೆ. ಅದು ಹೆರುವುದು ಒಡೆಯುವ ಮಂಜುಗಡ್ಡೆಯ ಮೇಲೆ. ಕಾಲಾವಕಾಶವೇ ಇಲ್ಲ. ಅದು ಹಾಲೂಡಿಸುವುದು ಬರೀ ನಾಲ್ಕು ದಿನ! ಆ ನಾಲ್ಕು ದಿನದಲ್ಲಿ ಮರಿಯ ತೂಕ ಎರಡರಷ್ಟಾಗುತ್ತದೆ. ಡಾಲ್ಫಿನ್ ತಾಯಿಯದು ನಿಧಾನದ ಸಂಸಾರ. ವರ್ಷಕ್ಕೂ ಮಿಕ್ಕಿ ಹಾಲು ಕೊಡುತ್ತಾಳೆ, ತಾನೂ ಉಣ್ಣುತ್ತಾಳೆ, ಜೊತೆಯಲ್ಲೇ ಇಟ್ಟುಕೊಂಡು ಬೇಟೆ ಕಲಿಸುತ್ತಾಳೆ. ಇನ್ನು ಆರ್ಕ್ಟಿಕ್‌ನ ಬೋಹೆಡ್ ತಿಮಿಂಗಿಲದ ನೆಣ ಅರ್ಧ ಮೀಟರಿನ ತನಕ ದಪ್ಪವಿರುತ್ತದೆ. ಅದರ ಮರಿ ಮೊದಲ ವರ್ಷ ಹಾಲು ಕುಡಿದು ಗುಂಡಗಾಗುತ್ತದೆ. ಹಾಲು ಬಿಟ್ಟ ಮೇಲೆ ತೊಂದರೆ. ನೀರಿನಿಂದ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಬಾಯಿಯ ಜಾಲರಿ ಇನ್ನೂ ಗಿಡ್ಡ. ಆಹಾರ ಸಾಲದು. ಆಗ ಕೆಲವು ವರ್ಷ ಮೈ ಉದ್ದ ಬೆಳೆಯುವುದನ್ನೇ ಬಹುಮಟ್ಟಿಗೆ ನಿಲ್ಲಿಸಿ, ಕೂಡಿಟ್ಟ ನೆಣವನ್ನು, ಅಷ್ಟೇ ಅಲ್ಲ ಪಕ್ಕೆಲುಬಿನ ಮೂಳೆಯನ್ನೂ ಕರಗಿಸಿಕೊಂಡು ಆ ಜಾಲರಿ ಬೆಳೆಸುತ್ತದೆ. ಮನೆ ಅಡವಿಟ್ಟು ಮಗನನ್ನು ಓದಿಸುವವರನ್ನು ನೋಡಿದ್ದೀರಲ್ಲ, ಹಾಗೆ.

ನೆಣ ಎಂದರೆ ಬೆಣ್ಣೆಯ ಹಾಗೆ ಮೆತ್ತಗಿನ ಮುದ್ದೆಯಲ್ಲ ಎಂಬುದನ್ನೂ ಹೇಳಬೇಕು. ಅದರೊಳಗೆ ಬಲವಾದ ನಾರುಗಳು ಹೆಣೆದುಕೊಂಡಿರುತ್ತವೆ, ರಕ್ತನಾಳಗಳು ಓಡಾಡುತ್ತವೆ. ಕೈಯಲ್ಲಿ ಒತ್ತಿದರೆ ಗಟ್ಟಿ ರಬ್ಬರಿನ ಹಾಗೆ. ಬಾಟಲ್‌ನೋಸ್ ಡಾಲ್ಫಿನ್‌ಗಳಲ್ಲಿ ಹೊಟ್ಟೆಯೊಳಗಿನ ಮರಿಯಿಂದ ಹಿಡಿದು ಬಲಿತದ್ದರ ತನಕ, ಬಸುರಿಯದು, ಹಸಿದು ಸತ್ತದ್ದು, ಎಲ್ಲದರ ನೆಣವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ. ಬೆಳೆಯುತ್ತ ಬೆಳೆಯುತ್ತ ಪದರ ದಪ್ಪವಾಗುತ್ತದೆ, ಅದರ ಕಣಗಳಲ್ಲಿ ಜಿಡ್ಡು ತುಂಬಿ ಉಬ್ಬುತ್ತವೆ. ಹಸಿವಿನ ಕಾಲದಲ್ಲಿ ಒಳಗಿನ ಮತ್ತು ನಡುವಿನ ಪದರದ ಕಣಗಳು ಕುಗ್ಗುತ್ತವೆ. ಹೊರಗಿನ ಪದರಕ್ಕೆ ಹೆಚ್ಚಿನ ಬಾಧೆಯಿಲ್ಲ. ಅದು ಮೈಯ ಆಕಾರ ಕಾಯುವ ಪದರ. ಅದು ಹೋದರೆ ಈಜುವುದೇ ಕಷ್ಟ. ಸಂಸಾರಸ್ಥರು ಬ್ಯಾಂಕಿನ ದುಡ್ಡು ತೆಗೆದರೂ ಮನೆಯ ಕಂಬ ಮಾರುವುದಿಲ್ಲವಷ್ಟೇ. ಗಟ್ಟಿಮುಟ್ಟಾದ ಡಾಲ್ಫಿನ್ನಿಗೆ ಕುತ್ತಿಗೆ ಕಾಣುವುದಿಲ್ಲ. ತಲೆಯ ಹಿಂದೆ ತಗ್ಗು ಬಿದ್ದು ಕುತ್ತಿಗೆ ಕಂಡರೆ ಅದು ಬಹಳ ದಿನದಿಂದ ಹಸಿದಿದೆ ಎಂದೇ ತಿಳಿಯಬೇಕು.

ಈ ಗಂಟಿನಲ್ಲಿ ಕಟ್ಟಿಡುವುದು ಬರೀ ಆಹಾರವನ್ನಲ್ಲ ಎಂಬುದೇ ಈಗಿನ ಚಿಂತೆ. ಡಿಡಿಟಿ, ಪಿಸಿಬಿಯಂಥ ವಿಷಗಳು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ಡಾಲ್ಫಿನ್ನಿನ ನೆಣಕ್ಕೆ ಬಂದು ಸೇರುತ್ತವೆ. ಗಂಡಿನಲ್ಲಿ ಅವು ಸಾಯುವ ತನಕ ಏರುತ್ತಲೇ ಹೋಗುತ್ತವೆ. ಹೆಣ್ಣಿನಲ್ಲಿ ಇಳಿಯುತ್ತವೆ. ಹೇಗೆ? ನೆಣ ಹಾಲಾಗುವಾಗ ವಿಷವೂ ಹಾಲಾಗುತ್ತದೆ. ಅದರಲ್ಲಿ ದೊಡ್ಡ ಪಾಲು ಹೋಗುವುದು ಚೊಚ್ಚಲ ಮರಿಗೆ. ಮುಂದಿನ ಮರಿಗಳಿಗೆ ಅಷ್ಟಿಲ್ಲ. ಇದು ಎಲ್ಲೋ ದೂರದ ಸುದ್ದಿಯಲ್ಲ. 1990ರ ದಶಕದ ಮೊದಲ ವರ್ಷಗಳಲ್ಲೇ ನಮ್ಮ ತಮಿಳುನಾಡಿನ ಕರಾವಳಿಯ ಡಾಲ್ಫಿನ್‌ಗಳ ನೆಣದಲ್ಲಿ ಡಿಡಿಟಿ ಇರುವುದನ್ನು ವಿಜ್ಞಾನಿಗಳು ತೋರಿಸಿದ್ದರು. ನಮ್ಮ ದೇಶದಲ್ಲಿ ಹೊಲಗಳಿಗೆ ಅದನ್ನು ಹೊಡೆಯಬಾರದೆಂದು ಆಜ್ಞೆಯಾದದ್ದು 1989ರಲ್ಲಿ. ತಾಯಿಯ ಹಾಲಿನ ವಿಷಯ ಬಂದಾಗ ನನಗೆ ಈ ಸಂಗತಿಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ನಮ್ಮ ಮುಂಬಯಿಯ ಕೇಳುಗರಲ್ಲಿ ಕೆಲವರಿಗೆ ನೆನಪಿರಬಹುದು. 2016ರ ಜನವರಿಯಲ್ಲಿ ಜುಹೂ ಬೀಚಿಗೆ ಒಂದು ಬ್ರೈಡ್ಸ್ ತಿಮಿಂಗಿಲದ ಕಳೇಬರ ಬಂದು ಬಿದ್ದಿತ್ತು. ನಾನೂ ನೋಡಲು ಹೋಗಿದ್ದೆ. ಜಾತ್ರೆಯಷ್ಟು ಜನ. ಎಲ್ಲರ ಕೈಯಲ್ಲೂ ಮೊಬೈಲ್. 2023ರ ನವೆಂಬರಿನಲ್ಲಿ, ದೀಪಾವಳಿಯ ದಿನಗಳಲ್ಲಿ, ರತ್ನಾಗಿರಿ ಜಿಲ್ಲೆಯ ಗಣಪತಿಪುಳೆಯ ದಂಡೆಗೆ ತಿಮಿಂಗಿಲದ ಮರಿಯೊಂದು ಜೀವಂತವಾಗಿ ಬಂದು ಸಿಕ್ಕಿಕೊಂಡಿತು. ಊರಿನವರು, ಅರಣ್ಯ ಇಲಾಖೆಯವರು ಎಲ್ಲ ಸೇರಿ ಸುಮಾರು ಎರಡು ದಿನ ಹೆಣಗಾಡಿ ಅದನ್ನು ಮತ್ತೆ ಕಡಲಿಗೆ ಮುಟ್ಟಿಸಿದರು. ಆದರೆ ಅದು ಬದುಕಲಿಲ್ಲ. ಹೆಣ ದಂಡೆಗೆ ವಾಪಸು ಬಂತು. ಹಾಲು ಕುಡಿಯುವ ಮರಿಯನ್ನು ಸಮುದ್ರಕ್ಕೆ ಬಿಡಬಹುದು, ತಾಯಿಯನ್ನು ಎಲ್ಲಿಂದ ತರುವುದು?

ದಂಡೆಗೆ ಬಿದ್ದ ಪ್ರಾಣಿಗೆ ಅದರ ನೆಣವೇ ಶತ್ರು. ನೀರಿನಲ್ಲಿರುವಾಗ ಹೆಚ್ಚಾದ ಬಿಸಿಯನ್ನು ಅದು ರೆಕ್ಕೆ, ಬಾಲಗಳ ಮೂಲಕ ನೀರಿಗೆ ಬಿಡುತ್ತದೆ. ಅಲ್ಲಿ ನೆಣದ ದಪ್ಪ ಪದರ ಇರುವುದಿಲ್ಲ. ಮರಳಿನ ಮೇಲೆ, ನಮ್ಮ ಕೊಂಕಣದ ಬಿಸಿಲಿನಲ್ಲಿ, ಆ ದಾರಿ ಮುಚ್ಚಿಹೋಗುತ್ತದೆ. ಬೆವರು ಬರುವುದಿಲ್ಲ. ಉಣ್ಣೆಯ ಕಂಬಳಿ ಹೊದ್ದು ಮೇ ತಿಂಗಳ ಬಿಸಿಲಿಗೆ ನಿಂತ ಹಾಗೆ, ಒಳಗೇ ಬೆಂದುಹೋಗುತ್ತದೆ. ಆದ್ದರಿಂದ ಮುಂಬಯಿ, ಚೆನ್ನೈಗಳಲ್ಲಿರುವ, ರಜೆಗೆ ಕಾರವಾರ, ಮುರುಡೇಶ್ವರಕ್ಕೆ ಹೋಗುವ ಕೇಳುಗರು ಇದನ್ನು ನೆನಪಿಡಿ. ಜೀವವಿರುವ ಡಾಲ್ಫಿನ್, ತಿಮಿಂಗಿಲ ದಂಡೆಯಲ್ಲಿ ಕಂಡರೆ ಮೊದಲು ಅರಣ್ಯ ಇಲಾಖೆಗೆ, ಅದು ಆಗದಿದ್ದರೆ ಪೊಲೀಸರಿಗೆ ತಿಳಿಸಿ. ಹಳೆಯ ಸೀರೆಯೋ ಬೆಡ್‌ಶೀಟೋ ಒದ್ದೆ ಮಾಡಿ ಮೈಮೇಲೆ ಹೊದಿಸಿ, ನೀರು ಹನಿಸುತ್ತಿರಿ, ನೆರಳು ಮಾಡಿ. ತಲೆಯ ಮೇಲಿನ ಉಸಿರಿನ ರಂಧ್ರಕ್ಕೆ ಮಾತ್ರ ಬಟ್ಟೆಯಾಗಲಿ ನೀರಾಗಲಿ ಮರಳಾಗಲಿ ತಾಗಬಾರದು. ಬಾಲ ಹಿಡಿದು ಎಳೆಯಬೇಡಿ, ಒಳಗಿನ ಮೂಳೆ ಕೀಲುಗಳು ತಪ್ಪುತ್ತವೆ. ಬಾಲದ ಹೊಡೆತದಿಂದ ದೂರವಿರಿ. ಮಕ್ಕಳನ್ನು ಅದರ ಮೇಲೆ ಕೂರಿಸಿ ಫೋಟೋ ತೆಗೆಯುವವರನ್ನು ನಾಲ್ಕು ಜನ ಸೇರಿ ತಡೆಯಿರಿ. 1972ರ ವನ್ಯಜೀವಿ ರಕ್ಷಣಾ ಕಾಯಿದೆಯಲ್ಲಿ ಇವುಗಳಿಗೆ ಹುಲಿಗೆ ಇರುವಷ್ಟೇ ರಕ್ಷಣೆಯಿದೆ ಎಂದು ಹೇಳಿದರೆ ಸಾಮಾನ್ಯವಾಗಿ ಜನ ಹಿಂದೆ ಸರಿಯುತ್ತಾರೆ.

ಅಂದ ಹಾಗೆ, ಮೊಮ್ಮಗನ ಸಂಗತಿ ಹೇಳುವುದನ್ನೇ ಮರೆತೆ. ದಿನಾ ಬೆಳಿಗ್ಗೆ ಅವನನ್ನು ತೂಗುತ್ತಿದ್ದರು. ಇಪ್ಪತ್ತು ಗ್ರಾಂ, ಮೂವತ್ತು ಗ್ರಾಂ ಎಂದು ಮಗಳು ಫೋನಿನಲ್ಲಿ ಹೇಳಿದಾಗಲೆಲ್ಲ ನಮ್ಮ ಮನೆಯವರು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು. ದಿನಕ್ಕೆ ಕೆಲವು ಗಂಟೆ ಅವನನ್ನು ಪೆಟ್ಟಿಗೆಯಿಂದ ತೆಗೆದು ತಾಯಿಯ ಎದೆಗೆ, ತೊಗಲಿಗೆ ತೊಗಲು ತಾಗುವ ಹಾಗೆ ಕಟ್ಟುತ್ತಿದ್ದರು. ಹದಿನಾರನೆಯ ದಿನ, ಎರಡು ಕಿಲೋ ಇನ್ನೂರು ಗ್ರಾಂ ಆದಾಗ ಮನೆಗೆ ಕಳಿಸಿದರು. ಈಗ ಅವನು ನನಗಿಂತ ಎತ್ತರ, ಕಡ್ಡಿಯ ಹಾಗಿದ್ದಾನೆ, ಏನು ತಿಂದರೂ ಮೈ ಹಿಡಿಯುವುದಿಲ್ಲ. ಅವನ ಅಜ್ಜಿ ಆ ಕಡೆ ಹೋಗುವವರ ಕೈಯಲ್ಲೆಲ್ಲ ಇನ್ನೂ ಅಂಟಿನುಂಡೆ ಕಟ್ಟಿ ಕಳಿಸುತ್ತಲೇ ಇದ್ದಾರೆ.